ಮಗಳ ಗುಳ್ಳೆ, ನನ್ನ ಹೊಟ್ಟೆಕಿಚ್ಚು

ಸಹನಾಳ ಕಂಕುಳಲ್ಲಿ ಮೊದಲು ಕಂಡದ್ದು ಮೂರು ಗುಳ್ಳೆ. ಸಾಬುದಾಣಿಯಷ್ಟು ಗಾತ್ರ, ನಡುವೆ ಸಣ್ಣದೊಂದು ಕುಳಿ. ಜ್ವರವಿಲ್ಲ, ನೋವಿಲ್ಲ. ಮಗಳಿಗೆ ಆಗ ಐದು ವರ್ಷ.

"ದೇವಿ ಬಂದಾಳ," ಎಂದರು ಅತ್ತೆ.

ಯಲಬುರ್ಗಾದ ನಮ್ಮ ಮನೆಯಲ್ಲಿ ಮಕ್ಕಳ ಮೈಮೇಲೆ ಗುಳ್ಳೆ ಎದ್ದರೆ ಅದು ದೇವಿಯೇ. ಒಗ್ಗರಣೆ ನಿಂತಿತು. ಡಾಕ್ಟರ ಬಳಿ ಹೋಗುವಂತಿಲ್ಲ. ಮಗಳು ತುರಿಕೆ ಎಂದಾಗಲೆಲ್ಲ ಅತ್ತೆ ಬೇವಿನ ಟೊಂಗೆಯಿಂದ ಮೈ ಸವರುತ್ತಿದ್ದರು. ನಾನೂ ಸವರಿದೆ, ಭಕ್ತಿಯಿಂದ, ಸ್ವಲ್ಪ ಜೋರಾಗಿಯೇ. ಹದಿನೈದನೆಯ ದಿನ ಎಣಿಸಿದೆ.

ಮೂವತ್ತೊಂದು.

ಅತ್ತೆಯ ಮಾತು ಮೀರಿ ಕೊಪ್ಪಳದ ಬಸ್ಸು ಹತ್ತಿದೆ. ಸ್ಕಿನ್ ಡಾಕ್ಟರ್ ಒಂದೇ ನೋಟಕ್ಕೆ ಹೇಳಿದರು: "ಇದು ದೇವಿ ಅಲ್ರಿ. ಮೊಲಸ್ಕಮ್ ಅಂತಾರ, ವೈರಸ್. ಏನರ ಹಚ್ಚಿ ತಿಕ್ಕಿದ್ರೇನು? ಸಾಲು ಹಿಡಿದು ಹಬ್ಬ್ಯಾವ ನೋಡ್ರಿ."

"ಬೇವಿನ ಟೊಂಗಿಲೆ ಸವರಿದ್ವಿರಿ," ಎಂದೆ.

"ಅಂಜಬ್ಯಾಡ್ರಿ, ತಾನ ಹೋಗ್ತೈತಿ. ಆದ್ರ ತಿಂಗಳಗಟ್ಲೆ ಹಿಡೀತೈತಿ. ಟವೆಲ್ ಮಾತ್ರ ಬ್ಯಾರೆ ಇಡ್ರಿ."

ಮಗಳಿಗೆಂದು ಹಳದಿ ಟವೆಲ್ ತಂದೆ. ಮನೆಯಲ್ಲಿ ಎಲ್ಲರಿಗೂ ಹೇಳಿದೆ. ಅಂದಿನಿಂದ ನನ್ನ ನೆಗೆಣ್ಣಿ ಸಾವಿತ್ರಿ, ಅಂದರೆ ಮೈದುನನ ಹೆಂಡತಿ, ತನ್ನ ಮಗ ಅಭಿಯನ್ನು ಸಹನಾಳ ಪಕ್ಕ ಕೂರಲು ಬಿಡಲಿಲ್ಲ. "ತಪ್ಪು ತಿಳೀಬ್ಯಾಡ್ರಿ ಅಕ್ಕಾರ," ಎನ್ನುವಳು. ಅವಳದು ತಪ್ಪಲ್ಲ, ನನಗೆ ಗೊತ್ತಿತ್ತು. ಆದರೂ ಭಾನುವಾರ ಅಂಗಳದಲ್ಲಿ ಅವಳು ಮಗನಿಗೆ ಎಣ್ಣೆ ಹಚ್ಚುವಾಗ, ಒಂದು ಕಲೆಯೂ ಇಲ್ಲದ ಆ ಬೆನ್ನು ಬಿಸಿಲಿಗೆ ಮಿರಮಿರ ಮಿಂಚುವಾಗ, ನನ್ನ ಹೊಟ್ಟೆ ಉರಿಯುತ್ತಿತ್ತು. ಬಂದವರೆಲ್ಲ ಅವನನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವರು. ನನ್ನ ಮಗಳಿಗೆ ದೂರದಿಂದಲೇ "ಹ್ಯಾಂಗದಿಯವ್ವ?" ಎನ್ನುವರು. ಮಾತೆತ್ತಿದರೆ ಜಗಳವಾದೀತೆಂದು ಬಾಯಿ ಮುಚ್ಚಿಕೊಂಡಿದ್ದೆ.

ಒಂದು ದಿನ ಅಭಿ ಸ್ನಾನ ಮುಗಿಸಿ ಓಡಿ ಬಂದ. ತಂತಿಯ ಮೇಲಿದ್ದ ಹಳದಿ ಟವೆಲ್ ಎಳೆದುಕೊಂಡು ಮುಖ, ಕುತ್ತಿಗೆ ಒರೆಸಿಕೊಂಡ. ನಾನು ಎರಡು ಹೆಜ್ಜೆ ದೂರದಲ್ಲಿ ಬಟ್ಟೆ ಹಿಂಡುತ್ತಿದ್ದೆ. "ಬ್ಯಾಡಪಾ" ಎಂದಿದ್ದರೆ ಸಾಕಿತ್ತು.

ಸುಮ್ಮನಿದ್ದೆ.

ತಿಂಗಳು ಕಳೆಯುವಷ್ಟರಲ್ಲಿ ಅವನ ಕುತ್ತಿಗೆಯಲ್ಲಿ ಎರಡು ಗುಳ್ಳೆ. ಸುಳ್ಳು ಹೇಳಲಾರೆ, ನನಗೆ ಸಮಾಧಾನವಾಯಿತು. ಅದು ಅರ್ಧ ದಿನವೂ ಉಳಿಯಲಿಲ್ಲ. ಸಾವಿತ್ರಿ ಅಡುಗೆಮನೆಗೆ ಬಂದು ನನ್ನ ಕೈ ಹಿಡಿದುಕೊಂಡಳು. "ಅಕ್ಕಾರ, ನಿಮಗ ಎಲ್ಲಾ ಗೊತ್ತೈತಿ. ಏನ್ ಮಾಡ್ಲಿ ಹೇಳ್ರಿ." ಹೊರಗೆ ಅತ್ತೆ ಆಗಲೇ ಬೇವಿನ ಟೊಂಗೆ ಮುರಿಯುತ್ತಿದ್ದರು. ಹೋಗಿ ಅದನ್ನು ಅವರ ಕೈಯಿಂದ ಕಸಿದುಕೊಂಡೆ. ಮರಳಿ ಬಂದು ಸಾವಿತ್ರಿಗೆ ಟವೆಲ್ಲಿನ ವಿಷಯ ಹೇಳಿದೆ.

"ನೋಡೀನೂ ಸುಮ್ನಿದ್ರಿ?"

"ಹೂಂ."

ಅವಳು ಎರಡು ವಾರ ನನ್ನೊಡನೆ ಮಾತಾಡಲಿಲ್ಲ. ಎದುರಾದರೆ ಮುಖ ತಿರುಗಿಸುವಳು. ನಾನು ಅದಕ್ಕೆ ತಕ್ಕವಳೇ ಆಗಿದ್ದೆ.

ಮೊದಲ ಗುಳ್ಳೆ ಕಂಡು ಈಗ ಆರು ತಿಂಗಳಾಗಿದೆ. ಸಹನಾಳ ಗುಳ್ಳೆಗಳು ಒಂದೊಂದಾಗಿ ಕೆಂಪಾಗಿ, ಒಣಗಿ, ಉದುರಿ ಹೋದವು. ಬೆನ್ನ ಮೇಲೆ ಒಂದೆರಡು ಉಳಿದಿವೆ. ಅಭಿಗೆ ಹನ್ನೊಂದಿವೆ. ಮಕ್ಕಳಿಬ್ಬರೂ ಒಟ್ಟಿಗೇ ಆಡುತ್ತಾರೆ, ಈಗ ತಡೆಯುವವರಿಲ್ಲ.

ಮೊನ್ನೆ ಮಗಳಿಗೆ ತೋಳಿಲ್ಲದ ಅಂಗಿ ಹಾಕುತ್ತಿದ್ದೆ. ಸಾವಿತ್ರಿ ಬಾಗಿಲಲ್ಲಿ ನಿಂತು ಆ ತೋಳನ್ನೇ ನೋಡುತ್ತಿದ್ದಳು.

"ನಿಮ್ಮಾಕಿದು ಹೋತಲ್ರಿ," ಎಂದಳು. ಆಮೇಲೆ, "ನನಗ ಹೊಟ್ಟಿ ಉರೀತೈತ್ರಿ ಅಕ್ಕಾರ."

ನಾನು ಆರು ತಿಂಗಳು ನುಂಗಿಕೊಂಡದ್ದನ್ನು ಅವಳು ಬಾಗಿಲಲ್ಲಿ ನಿಂತೇ ಹೇಳಿಬಿಟ್ಟಳು. ಸರಿದು ಕುಳಿತೆ. ಅವಳು ಬಂದು ಪಕ್ಕದಲ್ಲಿ ಕುಳಿತಳು.