ಅಣ್ಣಿಗೇರಿಯಲ್ಲಿ ಹಿಮ ಬಿದ್ದದ್ದು

ಮೊದಲು ಉದುರಿಸಿದ್ದು ಉಪ್ಪು ಎಂದು ನನ್ನ ನೆನಪು. ಅಲ್ಲ, ಸಕ್ಕರೆ ಎಂದು ಗೆಳೆಯ ಇಂದಿಗೂ ವಾದಿಸುತ್ತಾನೆ. ಹಾಗಾಗಿ ಇಲ್ಲಿ ಬರುವ ಯಾವ ಸಂಗತಿಯನ್ನೂ ಓದುಗರು ಪೂರ್ತಿ ನಂಬಬೇಕಿಲ್ಲ. ನಾನೇ ಮುಕ್ಕಾಲು ಪಾಲು ನಂಬುತ್ತೇನೆ. ಆದರೆ ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ, ಎರೆಹೊಲಗಳು ಬಿರುಕು ಬಿಟ್ಟು ಬಾಯಿ ತೆರೆದಿದ್ದಾಗ, ಅಣ್ಣಿಗೇರಿಯ ಸ್ಟೇಶನ್ ರಸ್ತೆಯ ಫೋಟೋ ಸ್ಟುಡಿಯೋ ಒಂದರಲ್ಲಿ ಹಿಮ ಬಿದ್ದದ್ದು ನಿಜ. ಬೀಳಿಸಿದವರು ನಾವೇ.

ಆಗ ನಾನು ಧಾರವಾಡದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಬಂದಿದ್ದೆ. ಕೆಲಸ ಸಿಕ್ಕಿರಲಿಲ್ಲ, ಮನೆಯಲ್ಲಿ ಕೂರಲು ಆಗುತ್ತಿರಲಿಲ್ಲ. ದಿನವಿಡೀ ಗೆಳೆಯನ ಸ್ಟುಡಿಯೋದಲ್ಲಿ ಇರುತ್ತಿದ್ದೆ. ಅದು ಅವನಿಗೆ ಅವನ ಕಾಕಾನಿಂದ ಬಂದದ್ದು. ಜೊತೆಗೆ ಒಂದು ಪರದೆಯೂ ಬಂದಿತ್ತು: ಹಿಂದೆ ಬೆಟ್ಟ, ಮುಂದೆ ಕೆರೆ, ಕೆರೆಯಲ್ಲಿ ಹಂಸವೋ ಬಾತುಕೋಳಿಯೋ ಹೇಳಲಾಗದ ಎರಡು ಹಕ್ಕಿಗಳು.

ಒಂದು ಬೆಳಿಗ್ಗೆ ನಮ್ಮ ಓಣಿಯ ಫೌಜಿ ಬಂದ. ಹೈಸ್ಕೂಲಿನಲ್ಲಿ ನಮ್ಮಿಬ್ಬರ ನಡುವೆ ಕೂತವನು, ಈಗ ಸೈನ್ಯದಿಂದ ರಜೆಯ ಮೇಲೆ ಬಂದಿದ್ದ. ಮದುವೆಯಾದಂದಿನಿಂದ ಗಂಡಹೆಂಡತಿ ರಜೆಗಳಲ್ಲಷ್ಟೇ ಕೂಡಿ ಇದ್ದವರು. ಈ ಸಲ ಉತ್ತರದ ಬೆಟ್ಟದೂರಿನಲ್ಲಿ ಅವನಿಗೆ ಸರಕಾರಿ ಮನೆ ಸಿಕ್ಕಿತ್ತು. ಹೆಂಡತಿ ಬಮ್ಮಿಗಟ್ಟಿಯ ಹುಡುಗಿ, ಆಗಲೇ ಟ್ರಂಕು ತುಂಬಿಟ್ಟುಕೊಂಡಿದ್ದಳು. ಒಪ್ಪದವಳು ಅವನ ತಾಯಿ ಒಬ್ಬಳೇ.

‘ಅಲ್ಲೇನೈತಿ ಅಂತ ಕೇಳ್ತಾಳಲೇ ನಮ್ಮವ್ವ,’ ಎಂದ. ‘ಬರ್ಫ ಬೀಳತೈತಬೇ, ಸ್ವರ್ಗ ಇದ್ದಂಗ ಇರತೈತಿ ಅಂದ್ರ, ಬರ್ಫ ಅಂದ್ರ ಸಂತ್ಯಾಗಿನ ಕೆಂಪ ಐಸಕ್ಯಾಂಡಿ ಅನ್ಕೊಂಡಾಳ. ನಮ್ಮಿಬ್ಬರ ಮ್ಯಾಲೆ ಬರ್ಫ ಬೀಳೂವಂಗ ಒಂದ ಫೋಟೋ ಮಾಡಿ ಕೊಡ್ರಿ. ನೋಡಿದಳಂದ್ರ ಹೂಂ ಅಂತಾಳ.’

‘ಮಾಡೂಣು,’ ಎಂದುಬಿಟ್ಟ ಗೆಳೆಯ. ಹೇಗೆ ಎಂಬುದು ಅವನಿಗೂ ಗೊತ್ತಿರಲಿಲ್ಲ.

ಸಂಜೆ ಗಂಡಹೆಂಡತಿ ಬಂದರು. ಹೊಸ್ತಿಲಾಚೆ ಚಪ್ಪಲಿ ಬಿಟ್ಟು, ಜಮಖಾನ ಹತ್ತಿ, ಪರದೆಯ ಮುಂದೆ ನಿಂತರು. ಫೋಟೋ ತೆಗೆದದ್ದು ಒಂದು ಕ್ಷಣದ ಕೆಲಸ. ಹಿಮ ಬೀಳಿಸುವುದೇ ದೊಡ್ಡ ಕೆಲಸವಾಯಿತು.

ಮೊದಲ ಪ್ರತಿಯ ಮೇಲೆ ಹಲ್ಲುಜ್ಜುವ ಬ್ರಶ್ಶಿನಿಂದ ಬಿಳಿ ಬಣ್ಣ ಸಿಡಿಸಿದೆವು. ಇಬ್ಬರಿಗೂ ಸಿಡುಬು ಎದ್ದಂತೆ ಕಂಡಿತು. ಆಗ ನನಗೊಂದು ಉಪಾಯ ಹೊಳೆಯಿತು. (ಗೆಳೆಯನ ಪ್ರಕಾರ ಹೊಳೆದದ್ದು ಅವನಿಗೆ.) ಕತ್ತಲೆ ಕೋಣೆಯಲ್ಲಿ ಫೋಟೋ ಕಾಗದದ ಮೇಲೆ ಬೆಳಕು ಬಿದ್ದಲ್ಲಿ ಕಪ್ಪಾಗುತ್ತದೆ, ಬೀಳದ ಕಡೆ ಬಿಳಿ ಉಳಿಯುತ್ತದೆ. ಹಾಗಾದರೆ ಬೆಳಕು ಬಿಡುವ ಮೊದಲೇ ಕಾಗದದ ಮೇಲೆ ಏನಾದರೂ ಕಾಳು ಉದುರಿಸಿದರೆ, ಒಂದೊಂದು ಕಾಳಿನ ಕೆಳಗೂ ಒಂದೊಂದು ಬಿಳಿ ಚುಕ್ಕೆ.

ಉಪ್ಪೋ ಸಕ್ಕರೆಯೋ, ಅದರೊಳಗಿಂದ ಬೆಳಕು ನುಸುಳಿ ಮಸುಕು ಕಲೆಗಳಾದವು. ಸಾಬೂದಾಣಿ ಹಾಕಿದರೆ ಆಲಿಕಲ್ಲಿನ ಮಳೆ. ಕೊನೆಗೆ ರವೆ. ರವೆ ಅದ್ಭುತವಾಗಿತ್ತು. ಸಂಭ್ರಮದಲ್ಲಿ ಅದನ್ನು ಕೊಡವದೆ ಕಾಗದವನ್ನು ಹಾಗೆಯೇ ಚಿತ್ರ ಮೂಡಿಸುವ ಡೆವಲಪರ್ ದ್ರಾವಣದ ತಟ್ಟೆಗೆ ಇಳಿಸಿದೆವು. ಸ್ವಲ್ಪ ಹೊತ್ತಿನಲ್ಲಿ ತಟ್ಟೆಯ ತುಂಬ ಉಪ್ಪಿಟ್ಟು.

ಹೊರಗೆ ಬೆಂಚಿನ ಮೇಲೆ ಕೂತಿದ್ದ ಹುಡುಗಿ ಬಾಗಿಲು ತಟ್ಟಿ ಕೇಳಿದಳು: ‘ಬಿತ್ತೇನ್ರಿ ಬರ್ಫ?’

‘ಮೋಡ ಆಗೈತ್ರಿ ವೈನಿ,’ ಎಂದ ಗೆಳೆಯ ಒಳಗಿನಿಂದ.

ನಮ್ಮ ಜೊತೆ ಒಳಗಿದ್ದ ಫೌಜಿ, ಕೆಂಪು ದೀಪದಡಿ ಪ್ರತಿ ಹಾಳೆಯನ್ನೂ ತನಿಖೆ ಮಾಡುತ್ತಿದ್ದ. ‘ಹಿಂಗ ಸಾಲಾಗಿ ಬೀಳೂದಿಲ್ಲೋ. ಅದಕ್ಕ ಅರ್ಜಂಟ ಇರೂದಿಲ್ಲ. ಹತ್ತರದ್ದು ದೊಡ್ಡದು, ದೂರದ್ದು ಸಣ್ಣದು. ಕುಡುದಾವ ಮನೀಗೆ ಹೊಂಟಂಗ ಬೀಳತೈತಿ.’

ಅದಕ್ಕೂ ದಾರಿ ಸಿಕ್ಕಿತು. ಸಣ್ಣ ರವೆಯನ್ನು ಕಾಗದದ ಮೇಲೆಯೇ ಉದುರಿಸಿದೆವು, ಅದು ದೂರದ ಹಿಮ. ದಪ್ಪ ರವೆಯನ್ನು ಒಂದು ಗಾಜಿನ ಮೇಲೆ ಚೆಲ್ಲಿ, ಗಾಜನ್ನು ಕಾಗದದಿಂದ ಒಂದಿಷ್ಟು ಎತ್ತರದಲ್ಲಿ ಹಿಡಿದೆವು, ಅದು ಅಂಚು ಮಸುಕಾದ ಹತ್ತಿರದ ಹಿಮ. ಬೆಳಕು ಬೀಳುವಾಗ ನಾನು ಗಾಜನ್ನು ಕೂದಲೆಳೆಯಷ್ಟು ಓರೆಯಾಗಿ ಸರಿಸಿದೆ. ಹಿಮ ಇಳಿಯತೊಡಗಿತು. ನೆಲ ಬೆಳ್ಳಗಾಗಲೆಂದು ಗೆಳೆಯ ಕೆಳಭಾಗಕ್ಕೆ ರಟ್ಟು ಅಡ್ಡ ಹಿಡಿದ. ಪಾದಗಳು ಮಾತ್ರ ಕಾಣಲೇಬೇಕು, ಇಲ್ಲದಿದ್ದರೆ ಗಾಳಿಯಲ್ಲಿ ತೇಲಿದಂತೆ ಕಾಣುತ್ತಾರೆ ಎಂದು ಹಟ ಹಿಡಿದು, ರಟ್ಟಿನಲ್ಲಿ ಪಾದಗಳ ಆಕಾರ ಕತ್ತರಿಸಿಕೊಟ್ಟವನು ನಾನು.

ಆ ಪ್ರತಿ ತಟ್ಟೆಯಲ್ಲಿ ಮೂಡುತ್ತಿದ್ದಾಗ ನಾವು ಮೂವರೂ ತಲೆಗೆ ತಲೆ ತಾಗಿಸಿ ಬಗ್ಗಿ ನೋಡಿದೆವು. ಮುಗಿದ ಮೇಲೆ ಫೌಜಿ, ‘ಥಂಡಿ ಹತ್ತಾಕತ್ತಿತಲೇ,’ ಎಂದ. ನಾವು ಒಬ್ಬರನ್ನೊಬ್ಬರು ಹಿಡಿದುಕೊಂಡು ಕುಣಿದೆವು. ಫೋಟೋ ತೊಳೆಯುವ ಹೈಪೊ ದ್ರಾವಣ ಚೆಲ್ಲಿತು. ಹುಡುಗಿ ಫೋಟೋ ನೋಡಿ, ತಲೆಯ ಮೇಲಿನ ಸೆರಗನ್ನು ನಿಜವಾಗಿಯೂ ಒಮ್ಮೆ ಕೊಡವಿಕೊಂಡಳು. ಅಥವಾ ಇದು ನಾನು ಆಮೇಲೆ ಸೇರಿಸಿಕೊಂಡದ್ದೋ? ಇರಲಿ. ಅವಳು ಕೊಡವಿಕೊಂಡಳು.

ಮರುದಿನ ಊರಿಗೆಲ್ಲ ಸುದ್ದಿ. ಮೊರಬದಿಂದ ಬಂದ ಒಬ್ಬ ತನ್ನ ಟ್ರ್ಯಾಕ್ಟರ್ ಮೇಲೆ ಬರ್ಫ ಬೀಳಬೇಕೆಂದ. ಇನ್ನೊಬ್ಬ ತನ್ನ ಎತ್ತುಗಳ ಮೇಲೆ. ನಾವು ನೆಲದ ಮೇಲಿರಲಿಲ್ಲ.

ಮಧ್ಯಾಹ್ನ ಫೌಜಿಯ ತಾಯಿ ಬಂದಳು, ಸೆರಗಿನಲ್ಲಿ ಫೋಟೋ ಮುಚ್ಚಿಕೊಂಡು. ಹಿಂದೆ ಮಗ, ಸೊಸೆ. ಇಬ್ಬರ ಮುಖವೂ ಬಾಡಿತ್ತು.

‘ಯಾರಪ್ಪಾ ಇದನ್ನ ಮಾಡಿದಾವ?’

‘ನಾವ ರೀ ಅವ್ವಾರ.’

‘ಭಾಳ ಚೊಲೋ ಮಾಡೀರಿ. ಅಗದಿ ಖರೇನ ಬಿದ್ದಂಗ ಐತಿ. ಅದಕ್ಕ ಹೇಳಾಕ ಬಂದೇನಿ, ನನ್ನ ಸೊಸಿ ಎಲ್ಲಿಗೂ ಹೋಗೂದಿಲ್ಲ.’ ಫೋಟೋದ ಕೆಳಗೆ ಬೆರಳಿಟ್ಟಳು. ‘ಕಾಲ ನೋಡು.’

ನೋಡಿದೆವು. ಕಾಲುಂಗುರ ತೊಟ್ಟ ಎರಡು ಬರಿಗಾಲು, ಅಚ್ಚುಕಟ್ಟಾಗಿ, ಹಿಮದ ನಡುವೆ. ನಮ್ಮ ಕಡೆ ಚಪ್ಪಲಿ ಹಾಕಿಕೊಂಡು ಯಾರೂ ಸ್ಟುಡಿಯೋದ ಜಮಖಾನ ಹತ್ತುವುದಿಲ್ಲ. ಅಲ್ಲಿ ತೆಗೆಸಿಕೊಂಡ ಫೋಟೋಗಳಲ್ಲೆಲ್ಲ ಮದುಮಕ್ಕಳು, ಅಜ್ಜಂದಿರು, ಎಲ್ಲರೂ ಬರಿಗಾಲಿನವರೇ. ಅಷ್ಟು ರೂಢಿಯಾದದ್ದು ನಮ್ಮ ಮೂವರ ಕಣ್ಣಿಗೂ ಬಿದ್ದಿರಲಿಲ್ಲ.

‘ಅವ್ವಾರ, ಇದು ರವಾ ರೀ. ಉಪ್ಪಿಟ್ಟಿನ ರವಾ,’ ಎಂದೆ.

‘ಇಲ್ಲೇ ಮಾಡಿದ್ದಂತ ನನಗ ಗೊತ್ತಿಲ್ಲೇನೋ ತಮ್ಮಾ. ಆದ್ರ ಅಲ್ಲಿ ಬೀಳೂದು ಖರೆ ಹೌದಲ್ಲೋ?’

‘ಹೌದ್ರಿ.’

‘ಅಲ್ಲೀನೂ ಹಿಂಗ ನಿಲ್ಲಸ್ತಾನ ಇವ. ಬಾಜೂಕ ನಿಂತು ಹೆಂಗ ನಗಾಕತ್ತಾನ ನೋಡು. ಹೇಣ್ತಿ ಕಾಲಿನ ಖಬರ ಇಲ್ಲ.’

ಗೆಳೆಯ ಕುಂಚ ತೆಗೆದು, ಆ ಪಾದಗಳ ಮೇಲೆ ಕಪ್ಪು ಬೂಟು ಬರೆದ. ಆಕೆ ಬಗ್ಗಿ ನೋಡಿದಳು. ‘ಎಮ್ಮಿ ಕಾಲ ಆತು.’

ಸೊಸೆಗೆ ನಗು ತಡೆಯಲಾಗಲಿಲ್ಲ. ಅತ್ತೆ ತಿರುಗಿ ನೋಡಿದಳು. ಸೊಸೆ ಮೆಲ್ಲಗೆ, ‘ನಾ ಬೂಟ ಹಾಕ್ಕೋತೇನ್ರಿ ಅತ್ತಿ. ಖರೇ ಬೂಟ,’ ಎಂದಳು.

ಫೌಜಿ ಮನೆಗೆ ಓಡಿದ. ತನ್ನ ಬೂಟು, ಉದ್ದನೆಯ ಫೌಜಿ ಕೋಟು, ಮಫ್ಲರು, ಕಾಲುಚೀಲ ಎಲ್ಲ ಹೊತ್ತು ತಂದ. ತಗಡಿನ ಮಾಡಿನ ಕೆಳಗೆ, ಆ ಬಿಸಿಲಿನಲ್ಲಿ, ದೊಡ್ಡ ದೀಪಗಳ ಮುಂದೆ, ಹುಡುಗಿ ಒಂದೊಂದಾಗಿ ತೊಟ್ಟಳು. ಬೂಟು ದೊಡ್ಡದಾಗಿ ಒಳಗೆ ಹಳೇ ಬಟ್ಟೆ ತುರುಕಿದೆವು. ಗೆಳೆಯ ಜಮಖಾನ ಸುತ್ತಿ ಬದಿಗಿಟ್ಟ.

‘ಮ್ಯಾಲಿನ ಗುಂಡಿ ಹಾಕು,’ ಎಂದಳು ಅತ್ತೆ ಕ್ಯಾಮರಾದ ಪಕ್ಕದಿಂದ.

‘ಉಸರು ಕಟ್ಟತೈತ್ರಿ ಅತ್ತಿ.’

‘ಕಟ್ಟಲಿ. ಥಂಡಿ ಹೋಗೂದಿಲ್ಲ ಒಳಗ.’

ಅತ್ತೆ ಕತ್ತಲೆ ಕೋಣೆಗೂ ಬಂದಳು. ಗಾಜಿನ ಮೇಲಿನ ರವೆ ಕಂಡು, ‘ಇಷ್ಟ ಬ್ಯಾಡ. ಕಡಿಮಿ ಮಾಡು,’ ಎಂದಳು.

ಗೆಳೆಯ ಚಿಟಿಕೆ ತೆಗೆದ.

‘ಇನ್ನಾ ತಗಿ.’

‘ಇನ್ನಾ ತಗದ್ರ ಬರ್ಫಿನ ಊರು ಅನ್ನಸೂದಿಲ್ರಿ ಅವ್ವಾರ.’

‘ಅನ್ನಸಬ್ಯಾಡ.’

ಹೊರಗಿನಿಂದ ಫೌಜಿ ಕೂಗಿದ: ‘ಯವ್ವಾ, ಅಲ್ಲಿ ಮೊಣಕಾಲ ಮಟಾ ಬೀಳತೈತಬೇ.’

‘ನೀ ಸುಮ್ನಿರಲೇ,’ ಎಂದೆವು ನಾವಿಬ್ಬರೂ ಒಟ್ಟಿಗೆ.

ರವೆ ಒಪ್ಪಿಗೆಯಾಗುವಷ್ಟು ಉಳಿದ ಮೇಲೆ ಬೆಳಕು ಬಿಟ್ಟೆವು. ತಟ್ಟೆಯಲ್ಲಿ ಕಪ್ಪಾದದ್ದೇ ಮೊದಲು ಮೂಡುತ್ತದೆ. ಖಾಲಿ ಕಾಗದದ ಮೇಲೆ ಎರಡು ದೊಡ್ಡ ಬೂಟು ಬಂದು ನಿಂತವು, ಬಹಳ ಹೊತ್ತು ಬೂಟುಗಳಷ್ಟೇ. ಆಮೇಲೆ ಕೋಟು, ಕೊನೆಗೆ ಬೆವೆತು ನಗುವ ಮುಖ. ಸುತ್ತ ಅಲ್ಲೊಂದು ಇಲ್ಲೊಂದು ಹಿಮ. ಅತ್ತೆ ತಟ್ಟೆಯ ಮೇಲೆ ಬಗ್ಗಿಯೇ ಇದ್ದಳು.

‘ಬೆಚ್ಚಗ ಅದಾಳ,’ ಎಂದಳು. ಆಮೇಲೆ, ‘ಹೋಗಲಿ ಬಿಡು.’

ಹುಬ್ಬಳ್ಳಿ ಕಡೆಗೆ ರೈಲು ಹೊರಡುವ ದಿನ ಸ್ಟೇಶನ್ನಿಗೆ ನಾವೂ ಹೋಗಿದ್ದೆವು. ಹುಡುಗಿ ಕೋಟು ತೊಟ್ಟಿದ್ದಳೆಂದು ನಾನು, ಕೈಯಲ್ಲಿ ಹಿಡಿದಿದ್ದಳೆಂದು ಗೆಳೆಯ. ನಾನು ನೆನಪಿಸಿಕೊಳ್ಳುತ್ತಿರುವುದು ಫೋಟೋವನ್ನೋ ಅವಳನ್ನೋ ನನಗೇ ತಿಳಿಯದು. ಬೂಟಿನ ಬಗ್ಗೆ ಮಾತ್ರ ಇಬ್ಬರಿಗೂ ಅನುಮಾನವಿಲ್ಲ. ದಾರಿಯಲ್ಲಿ ಬರ್ಫ ಎಲ್ಲಿಂದ ಶುರುವಾಗುತ್ತದೋ ಎಂದು ಅತ್ತೆ ಮನೆಯಲ್ಲೇ ಹಾಕಿಸಿ ಕರೆತಂದಿದ್ದಳು. ಹುಡುಗಿ ರೈಲುಡಬ್ಬಿಯ ಮೆಟ್ಟಿಲು ಹತ್ತುವಾಗ ಒಂದು ಬೂಟು ಕಳಚಿ ಪ್ಲಾಟ್‌ಫಾರ್ಮಿಗೆ ಬಿತ್ತು. ರೈಲು ಅಲುಗಿತು. ನಾವು ಬಗ್ಗುವಷ್ಟರಲ್ಲಿ ಅತ್ತೆ, ಸೊಸೆಯ ಕಾಲಿನದೆಂದು ಎಣಿಸದೆ, ಬೂಟನ್ನು ಎತ್ತಿ ಎದೆಗವಚಿಕೊಂಡು ಡಬ್ಬಿಯ ಜೊತೆ ಓಡತೊಡಗಿದಳು. ಬಾಗಿಲಲ್ಲಿ ಮಗ ಕೈ ಚಾಚಿದ್ದ, ಅವನ ಹಿಂದೆ ಸೊಸೆ ಬಾಯಿಗೆ ಸೆರಗಿಟ್ಟುಕೊಂಡಿದ್ದಳು, ಅಳುತ್ತಿದ್ದಳೋ ನಗುತ್ತಿದ್ದಳೋ. ಆಕೆ ಬೂಟನ್ನು ಮಗನ ಕೈಗೆ ತುರುಕಿ, ಸೊಸೆಗೆ ಕೂಗಿ ಹೇಳಿದಳು:

‘ಮೊದಲ ಕಾಲಾಗ ಹಾಕ್ಕೋ. ನಗೂದು ಆಮ್ಯಾಲೆ ನಗಾಕಂತಿ.’