ವೋಟಿಲ್ಲದವಳ ರಿಬ್ಬನ್ನು

"ನಿಮ್ಗೇ ಇಲ್ಲಿ ವೋಟಿಲ್ಲ, ಮಕ್ಕಳಿಗೆ ಎಲೆಕ್ಷನ್ ಪಾಠ ಮಾಡ್ತೀರಲ್ಲ ಮೇಡಂ!"

ಅಮೆರಿಕದ ಓಕ್ಲ್ಯಾಂಡಿನ ಮ್ಯೂಸಿಯಮ್ಮಿಗೆ ಮಗಳ ಕ್ಲಾಸಿನೊಂದಿಗೆ ಬಂದಿದ್ದ, ಸೊಂಟಕ್ಕೆ ಪೇಜರ್ ಸಿಕ್ಕಿಸಿಕೊಂಡ ಮಂಡ್ಯದವರೊಬ್ಬರು ನಕ್ಕರು. ನಾನು ಅಲ್ಲಿ ಸಂಬಳವಿಲ್ಲದ ಗೈಡು, ಈ ದೇಶದಲ್ಲಿರುವುದು ಗಂಡನ ವೀಸಾದ ಮೇಲೆ ಎಂದು ಆಗಷ್ಟೇ ಅವರಿಗೆ ಹೇಳಿದ್ದೆ.

ನನ್ನ ಕಿವಿ ಬಿಸಿಯಾಯಿತು. ಹಳೆಯ ಕಾಲದ ಅಧ್ಯಕ್ಷೀಯ ಚುನಾವಣೆಗಳ ಬಿಲ್ಲೆಗಳಿದ್ದ ಟ್ರೇಯಿಂದ ಮಾಸಿದ ಪ್ರಚಾರದ ರಿಬ್ಬನ್ನೊಂದನ್ನು ಬಿಳಿ ಕೈಗವಸಿನ ಅಂಗೈಯಲ್ಲಿ ಎತ್ತಿ ಹಿಡಿದೆ.

"ಇದನ್ನ ಎದೆಗೆ ಚುಚ್ಕೊಂಡು ಮೆರವಣಿಗೆ ಹೋದೋಳಿಗೂ ವೋಟಿರ್ಲಿಲ್ಲ ಸಾರ್. ಆಗ ಹೆಂಗಸರಿಗೆ ವೋಟೇ ಇರ್ಲಿಲ್ಲ."

ಅದನ್ನೇ ಇಂಗ್ಲಿಷಿನಲ್ಲಿ ಮಕ್ಕಳಿಗೂ ಹೇಳಿದೆ. ಮಂಡ್ಯದವರ ನಗು ನಿಂತಿತು. ರಿಬ್ಬನ್ನಿನಲ್ಲಿದ್ದ ಪಿನ್ನಿನ ತೂತುಗಳನ್ನೇ ನೋಡುತ್ತಿದ್ದ ಅವರ ಮಗಳು, ಆ ಹೆಂಗಸಿಗೆ ಯಾರೂ ಹೋಗಬೇಡ ಅನ್ನಲಿಲ್ಲವೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಅಂದಿರ್ತಾರೆ ಪುಟ್ಟಿ," ಎಂದೆ ಕನ್ನಡದಲ್ಲೇ. "ಅವಳು ಕೇಳಿರಲ್ಲ."

ಅಂದಿನಿಂದ ಯಾವ ಶಾಲೆಯ ಮಕ್ಕಳು ಬಂದರೂ, ನನಗಿಲ್ಲಿ ವೋಟಿಲ್ಲ ಎಂಬ ಮಾತಿನಿಂದಲೇ ಪಾಠ ಶುರು ಮಾಡುತ್ತೇನೆ. ಯಾರಾದರೂ ನಗಲಿ ಎಂದು ಒಂದು ಕ್ಷಣ ಕಾಯುತ್ತೇನೆ. ಆಮೇಲೆ ರಿಬ್ಬನ್ನು ಎತ್ತುತ್ತೇನೆ.