ಬಾವಿಗೆ ಇಳಿಯುತ್ತಿದ್ದ ಮಿಸ್ತ್ರಿ

ಮಿಸ್ತ್ರಿಯ ಎದೆಗೂಡಿನ ಸುತ್ತ, ಎರಡೂ ಕಂಕುಳಗಳ ಕೆಳಗಿನಿಂದ ಹಾದು ಬೆನ್ನಿನಲ್ಲಿ ಕೂಡುವಂತೆ, ಹಗ್ಗ ಉಜ್ಜಿ ಉಜ್ಜಿ ಕಪ್ಪಗಾದ ಒಂದು ಬರೆ ಇತ್ತು. ಹುಮನಾಬಾದಿನ ಹಳೆ ಬಸ್ ನಿಲ್ದಾಣದ ಹಿಂದೆ ಅವರ ಪಂಪ್‌ಸೆಟ್ ರಿಪೇರಿಯ ಅಂಗಡಿ. ಬೇಸಿಗೆಯಲ್ಲಿ ಅಂಗಿ ಕಳಚಿ ಮೋಟಾರಿಗೆ ತಂತಿ ಸುತ್ತುತ್ತ ಕುಳಿತಾಗ ಆ ಬರೆ ಬೆವರಿನಲ್ಲಿ ಮಿನುಗುತ್ತಿತ್ತು. ಕಾಲೇಜಿಗೆ ಹೋಗುವಾಗ ನಾನು ಆ ಕಡೆ ನೋಡದೆ ನಡೆಯುತ್ತಿದ್ದೆ. ಅದು ಹೆಣ ಎತ್ತುವವನ ಗುರುತು ಎಂದು ಊರಿಗೆಲ್ಲ ಗೊತ್ತಿತ್ತು.

ಮೊದಲು ಅವರು ಬಾವಿಗೆ ಇಳಿಯುತ್ತಿದ್ದದ್ದು ಮುಳುಗಿದ ಮೋಟಾರು ಎತ್ತಲು. ಒಂದು ಸಲ ಮೋಟಾರು ಹುಡುಕುತ್ತಿದ್ದಾಗ ಕೈಗೆ ಒಬ್ಬ ಹೆಣ್ಣುಮಗಳ ಸೀರೆ ಸಿಕ್ಕಿತಂತೆ. ಅಂದಿನಿಂದ ಜನ ಅವರನ್ನು ಬೇರೆ ಕೆಲಸಕ್ಕೂ ಕರೆಯತೊಡಗಿದರು. ಪೇಟೆಯಿಂದ ಅಗ್ನಿಶಾಮಕದವರು ಹಳ್ಳಿ ಮುಟ್ಟುವ ಹೊತ್ತಿಗೆ ತಡವಾಗುತ್ತಿತ್ತು. ಹಾಗಾಗಿ ನಿರ್ಣಾದ ಒಬ್ಬ ಬಡಗಿ, ಬಸವಕಲ್ಯಾಣದ ಒಬ್ಬ ಲಾರಿ ಕ್ಲೀನರ್ ಮತ್ತು ಮಿಸ್ತ್ರಿ, ಈ ಮೂವರು ಕೂಡಿ ಎರಡು ತಾಲೂಕಿನ ಬಾವಿ, ಕೆರೆ, ಹಳ್ಳ ನೋಡಿಕೊಂಡರು. ಅವರಿಗೆ ಹೆಸರಿರಲಿಲ್ಲ, ಬೋರ್ಡು ಇರಲಿಲ್ಲ. ಕೆಲಸ ಮುಗಿದ ಮೇಲೆ ಮಿಸ್ತ್ರಿ ಆ ಮನೆಯ ಚಹಾ ಕೂಡ ಕುಡಿಯುತ್ತಿರಲಿಲ್ಲ. "ಈ ಮನ್ಯಾಗ ಒಲಿ ಹೊತ್ತಿಲ್ರಿ ಇವತ್ತ," ಎಂದು ಹಗ್ಗ ಸುತ್ತಿಕೊಂಡು ಹೊರಟುಬಿಡುತ್ತಿದ್ದರು.

ಅವರ ಮೋಟಾರ್ ಸೈಕಲ್ಲು ಹಳ್ಳಿಯೊಳಗೆ ಬಂತೆಂದರೆ ಹೆಂಗಸರು ಅಂಗಳಕ್ಕೆ ಓಡಿಬಂದು ತಮ್ಮ ಮಕ್ಕಳನ್ನು ಎಣಿಸುತ್ತಿದ್ದರು. ಅದು ಅವರಿಗೂ ತಿಳಿದಿತ್ತು. ಅದಕ್ಕೇ ಮದುವೆಗೆ ಕರೆದರೆ ಹೋಗುತ್ತಿರಲಿಲ್ಲ. ಯಾರ ಮನೆಗೆ ರಿಪೇರಿಗೆ ಹೋದರೂ ಊರ ಹೊರಗೇ ಗಾಡಿ ನಿಲ್ಲಿಸಿ, ಮೋಟಾರು ಕೆಟ್ಟವರನ್ನು ಅಲ್ಲಿಗೇ ಕರೆಸಿಕೊಂಡು ಅವರ ಜೊತೆ ನಡೆದು ಒಳಗೆ ಬರುತ್ತಿದ್ದರು.

ಹುಡಗಿ ಎಂಬ ನಮ್ಮ ಹಳ್ಳಿಯ ಹೊಲಕ್ಕೆ ಅವರು ಗಾಡಿಯ ಮೇಲೆಯೇ ಬಂದರು.

ಆ ಬೇಸಿಗೆಯಲ್ಲಿ ಕಾಕಾ, ಅಂದರೆ ಅಪ್ಪನ ತಮ್ಮ, ಹೊಲದ ಮೂಲೆಯ ಹಳೆ ಬಾವಿಯ ಹೂಳು ತೆಗೆಸಲು ಹೊರಟಿದ್ದ. ಅಜ್ಜನ ಕಾಲದಿಂದ ಅದರ ಬಾಯಿಗೆ ಕಲ್ಲುಚಪ್ಪಡಿ ಹಾಕಿ, ಮೇಲೆ ಮುಳ್ಳು ಒಟ್ಟಿದ್ದರು. ಚಪ್ಪಡಿ ಸರಿಸಿದಾಗ ಒಳಗಿನಿಂದ ಒಂದು ಸೊಳ್ಳೆಯೂ ಹಾರಲಿಲ್ಲ. ಬುತ್ತಿ ಒಯ್ದಿದ್ದ ನಾನು ಅಲ್ಲೇ ಇದ್ದೆ. ಕಾಕಾ ನಗುತ್ತ ಮೆಟ್ಟಿಲಿಳಿದ. ಮೆಟ್ಟಿಲು ಮುಗಿದಲ್ಲಿ ಹಗ್ಗ ಹಿಡಿದು ತಳಕ್ಕೆ ಜಾರಿದ. "ಬುಟ್ಟಿ ಬಿಡ್ರೋ," ಎಂದ. ಬುಟ್ಟಿ ಬಿಟ್ಟೆವು. ಹಗ್ಗ ಎಳೆಯುವ ಸನ್ನೆ ಬರಲಿಲ್ಲ. ಕೂಗಿದೆವು, ಉತ್ತರ ಬರಲಿಲ್ಲ. ನಮ್ಮ ಹೊಲದ ಆಳು, ಕಾಕಾನ ಓರಗೆಯವನು, "ನಾ ನೋಡ್ತೀನ್ರಿ," ಎಂದು ಇಳಿದವನು ಕೊನೆಯ ಮೆಟ್ಟಿಲ ಮೇಲೆ ಕುಳಿತ. ದಣಿದವನ ಹಾಗೆ ತಲೆಯನ್ನು ಗೋಡೆಗೆ ಆನಿಸಿದ. ಆಮೇಲೆ ಅಲುಗಲಿಲ್ಲ.

ಯಾರೋ ಹುಮನಾಬಾದಿಗೆ ಫೋನ್ ಮಾಡಿದರು. ಆ ಹೊತ್ತಿಗೆ ಅವ್ವನ ಜೊತೆ ಅಪ್ಪನೂ ಓಡಿಬಂದ. ಅಂಗಿ ಕಿತ್ತೆಸೆದು ಮೊದಲ ಮೆಟ್ಟಿಲಿಗೆ ಕಾಲಿಟ್ಟಾಗ ನಾನು, ಅವ್ವ, ಪಕ್ಕದ ಹೊಲದವರು ಜೋತುಬಿದ್ದು ಹಿಡಿದುಕೊಂಡೆವು. ನಮ್ಮ ಹಿಡಿತ ಸಡಿಲುವ ಹೊತ್ತಿಗೆ ಮಿಸ್ತ್ರಿಯ ಗಾಡಿ ಬದುವಿನ ಮೇಲೆ ಬಂತು.

"ಯಾರೂ ಇಳೀಬ್ಯಾಡ್ರಿ! ಕೆಳಗ ಹವಾ ಕೆಟ್ಟದ!"

"ನನ್ನ ತಮ್ಮ ಅದಾನೋ ಒಳಗ! ಬಿಡ್ರಿ ನನಗ!"

"ನೀವ್ ಇಳದ್ರ ನಿಮಗೂ ನಾನೇ ತೆಗೀಬೇಕಾಗ್ತದ್ರಿ, ಅಣ್ಣಾರ," ಎಂದರು ಮಿಸ್ತ್ರಿ. ನಂತರ ಸುತ್ತಲಿನವರತ್ತ ತಿರುಗಿ, ಏರದ ದನಿಯಲ್ಲಿ, "ಇವ್ರಿಗಿ ಆ ಬೇವಿನ ಗಿಡಕ್ಕ ಕಟ್ರಿ," ಎಂದರು.

ಬಂಡಿಯ ಹಗ್ಗದಿಂದ ಅಪ್ಪನನ್ನು ಕಟ್ಟಿದರು. ನಾನೂ ಕಟ್ಟಿದೆ.

ಮಿಸ್ತ್ರಿ ಒಂದು ಕಂದೀಲು ಹೊತ್ತಿಸಿ ಹಗ್ಗಕ್ಕೆ ಕಟ್ಟಿ ಇಳಿಬಿಟ್ಟರು. ಆಳು ಕುಳಿತಿದ್ದ ಮೆಟ್ಟಿಲಿನ ತನಕ ಅದು ಉರಿಯಿತು. ಅಲ್ಲಿಂದ ಮಾರುದ್ದ ಕೆಳಗೆ ಹೋದದ್ದೇ ತಡ, ಯಾರೋ ಬಾಯಿಂದ ಊದಿದಂತೆ ಆರಿತು. ಗಾಳಿ ಬೀಸುತ್ತಲೇ ಇರಲಿಲ್ಲ. ಮತ್ತೆ ಹೊತ್ತಿಸಿ ಬಿಟ್ಟರು. ಮತ್ತೆ ಅದೇ ಜಾಗದಲ್ಲಿ ಆರಿತು. ಎದೆಗೆ ಹಗ್ಗ ಬಿಗಿದುಕೊಂಡು ಆ ಮೆಟ್ಟಿಲಿನ ತನಕ ಮಾತ್ರ ಇಳಿದು, ಆಳನ್ನು ಕಟ್ಟಿ ಮೇಲೆ ಕಳಿಸಿದರು. ಮಣ್ಣಿನ ಮೇಲೆ ಮಲಗಿಸಿದಾಗ ಅವನು ಕೆಮ್ಮಿದ. ಬದುಕಿದ್ದ.

ಕಾಕಾ ಇನ್ನೂ ಕೆಳಗಿದ್ದ. ಕೆಟ್ಟ ಹವಾ ಕದಡಿ ಹೊರಹೋಗಲೆಂದು ಬೇವಿನ ದೊಡ್ಡ ಟೊಂಗೆ ಕಡಿಸಿ, ಹಗ್ಗಕ್ಕೆ ಕಟ್ಟಿ, ಬಾವಿಯೊಳಗೆ ಮೇಲೆ ಕೆಳಗೆ ಆಡಿಸಿದರು. ಕೊಡಗಟ್ಟಲೆ ನೀರು ಸುರಿಸಿದರು. ನಡುನಡುವೆ ಕಂದೀಲು ಬಿಡುವರು, ಅದು ಆರುವುದು. ಗಿಡಕ್ಕೆ ಬಿಗಿದ ಅಪ್ಪ ಮೊದಲು ಮಿಸ್ತ್ರಿಯನ್ನು ಬೈದ. ಆಮೇಲೆ ಕೈ ಮುಗಿಯಲೂ ಆಗದೆ ಬೇಡಿಕೊಂಡ. ಆಮೇಲೆ ತಮ್ಮನ ಹೆಸರು ಹಿಡಿದು ಕೂಗಿದ. ಕೊನೆಗೆ ಸುಮ್ಮನಾದ. ಆ ಸುಮ್ಮನಿರುವಿಕೆ ನನಗೆ ಬಾವಿಗಿಂತ ಹೆಚ್ಚು ಭಯ ಹುಟ್ಟಿಸಿತು. ತಳದಲ್ಲಿ ದೀಪ ನಿಂತು ಉರಿದಾಗ ನೆತ್ತಿಯ ಮೇಲಿದ್ದ ಸೂರ್ಯ ಪಶ್ಚಿಮಕ್ಕೆ ವಾಲಿದ್ದ. ಮಿಸ್ತ್ರಿ ಇಳಿದು ಕಾಕಾನನ್ನು ತಂದರು. ಅವನ ಮುಖದ ಕೆಸರನ್ನು ತಮ್ಮ ಟವೆಲ್ಲಿನಿಂದ ಒರೆಸಿ, ಅಪ್ಪನ ಹಗ್ಗವನ್ನು ತಾವೇ ಬಿಚ್ಚಿದರು.

"ಆಳ್ ಮನಶ್ಯಾ ಬದುಕ್ಯಾನ. ನನ್ನ ತಮ್ಮನೂ ಬದುಕ್ತಿದ್ದ," ಎಂದ ಅಪ್ಪ. ಮಿಸ್ತ್ರಿ ಹಗ್ಗ ಸುತ್ತಿಕೊಂಡು ಗಾಡಿಯತ್ತ ನಡೆದರು.

ಅಂದಿನಿಂದ ಅಪ್ಪ ಅವರ ಮುಖ ನೋಡಲಿಲ್ಲ. ಪಂಪು ಕೆಟ್ಟರೆ ಹದಿನೈದು ದಿನ ಬೆಳೆ ಬಾಡಿದರೂ ಸರಿ, ಬೇರೆಯವರನ್ನೇ ಕರೆಸುತ್ತಿದ್ದ. ಆಳು ಮಾತ್ರ ಪ್ರತಿ ಯುಗಾದಿಗೆ ಮಿಸ್ತ್ರಿಯ ಮನೆಗೆ ಹೋಗಿ ಬೇವು-ಬೆಲ್ಲ ಕೊಟ್ಟು ಬರುತ್ತಿದ್ದ.

ಎಷ್ಟೋ ವರ್ಷಗಳ ನಂತರ ನಾನು ಬಸವಕಲ್ಯಾಣದಲ್ಲಿ ಶಿಕ್ಷಕಿಯಾಗಿದ್ದಾಗ ಒಂದು ಮಧ್ಯಾಹ್ನ ಮಿಸ್ತ್ರಿ ಶಾಲೆಯ ಗೇಟಿನಲ್ಲಿ ನಿಂತಿದ್ದರು. ನನ್ನ ಕೈಯಲ್ಲಿದ್ದ ಸೀಮೆಸುಣ್ಣ ಬಿತ್ತು. ಹಾಜರಿ ಪುಸ್ತಕ ಹಿಡಿದು ಓಡಿದೆ.

"ಯಾರಿಗೇನಾತ್ರಿ?"

"ಯಾರಿಗೂ ಏನೂ ಆಗಿಲ್ರಿ, ಟೀಚರ್. ಆಗಬಾರ್ದಂತ ಬಂದೀನಿ."

ಶಾಲೆಯ ಹಿಂದೆ ಪೊದೆಯಲ್ಲಿ ಒಂದು ಹಾಳುಬಾವಿ ಇತ್ತು. ಮಕ್ಕಳು ಅದರ ಕಟ್ಟೆಯ ಮೇಲೆ ಕುಳಿತು ಬೋರೆ ಹಣ್ಣು ತಿನ್ನುವುದನ್ನು ರಸ್ತೆಯಿಂದ ಕಂಡಿದ್ದರಂತೆ. ನನ್ನ ಜೊತೆ ಬಾವಿಯ ಹತ್ತಿರ ಬಂದು, ಬಗ್ಗಿ ಒಂದು ಕಲ್ಲು ಒಗೆದು ಕಿವಿಗೊಟ್ಟರು. ಎದ್ದಾಗ ಅವರ ಮುಖ ಕಪ್ಪಿಟ್ಟಿತ್ತು. "ಬಾಯಿ ತಕ್ಕೊಂಡ್ ಕುಂತದ್ರಿ ಇದು. ಮಳಿಗಾಲಕ್ಕ ಮೊದ್ಲೇ ಜಾಳಗಿ ಹಾಕಸ್ರಿ."

ಕಬ್ಬಿಣದ ಜಾಳಿಗೆ ಹಾಕಿಸಿದೆವು. ಅದೇ ಮಳೆಗಾಲದಲ್ಲಿ ಕಟ್ಟೆ ಒಂದು ಬದಿಗೆ ಕುಸಿಯಿತು. ಜಾಳಿಗೆ ಮಾತ್ರ ನಿಂತಿತ್ತು.

ಮಿಸ್ತ್ರಿ ಬಂದಿದ್ದ ಆ ಮಧ್ಯಾಹ್ನವೇ, ಗೇಟಿನ ತನಕ ಅವರನ್ನು ಕಳಿಸುವಾಗ ಕೇಳಿಯೇಬಿಟ್ಟೆ. "ಅವತ್ತು ಅಪ್ಪನ ಬಿಟ್ಟಿದ್ರ ಕಾಕಾ ಬದುಕ್ತಿದ್ನೇನ್ರಿ?"

ಅವರು ಗಾಡಿಯ ಹ್ಯಾಂಡಲ್ ಹಿಡಿದುಕೊಂಡರು. "ನಾ ಬರೂದ್ರಾಗೇ ನಿಮ್ ಕಾಕಾ ಹೋಗಿದ್ರವ್ವಾ. ಆ ಹವಾದಾಗ ಅಷ್ಟ್ ಹೊತ್ತು ಯಾರೂ ಉಳಿಯಂಗಿಲ್ಲ."

"ಅಪ್ಪಗ ಯಾಕ ಹೇಳಲಿಲ್ರಿ?"

"ಯಾರ ಮ್ಯಾಲರ ಸಿಟ್ಟ್ ಇರಬೇಕಾಗ್ತದ್ರಿ ಅವ್ರಿಗಿ. ನನ್ನ ಮ್ಯಾಲ ಇರ್ಲಿ. ಇಲ್ಲಂದ್ರ ತಮ್ ಮ್ಯಾಲೇ ಮಾಡ್ಕೋತಾರ."

ಕಳೆದ ವರ್ಷ ಅವರಿಗೆ ಉಬ್ಬಸ ಹೆಚ್ಚಾಯಿತು. ನೋಡಲು ಹೋದಾಗ ಎರಡೂ ಕಿಟಕಿ ತೆರೆದಿದ್ದವು, ಫ್ಯಾನು ತಿರುಗುತ್ತಿತ್ತು. ಆದರೂ ಅವರು ಮಂಚದ ಅಂಚು ಹಿಡಿದು ಮುಂದಕ್ಕೆ ಬಾಗಿ ಉಸಿರಿಗಾಗಿ ಒದ್ದಾಡುತ್ತಿದ್ದರು. ಮಾತಾಡಲು ಆಗಲಿಲ್ಲ. ನನ್ನನ್ನು ಗುರುತಿಸಿ ತಲೆಯಾಡಿಸಿದರು. ಆ ಶುಕ್ರವಾರ ಹೋಗಿಬಿಟ್ಟರು.

ಮನೆಗೆ ಬಂದು ಅಪ್ಪನಿಗೆ ಸುದ್ದಿ ಹೇಳಿದೆ. ಜೊತೆಗೆ ಅವರು ಗೇಟಿನಲ್ಲಿ ಆಡಿದ ಮಾತನ್ನೂ ಹೇಳಿದೆ. ಇಷ್ಟು ವರ್ಷ ಯಾಕೆ ಮುಚ್ಚಿಟ್ಟಿದ್ದೆನೋ, ಬಹುಶಃ ಅಪ್ಪ ಆ ಸಿಟ್ಟನ್ನು ತನ್ನ ಮೇಲೇ ತಿರುಗಿಸಿಕೊಂಡಾನೆಂದು ಮಿಸ್ತ್ರಿಯ ಹಾಗೆ ನನಗೂ ಅಂಜಿಕೆಯಿತ್ತು. ಅಪ್ಪ ಕೋಲು ಹುಡುಕಿದ. "ಆಳಿಗಿ ಕರಿ. ಮಣ್ಣಿಗಿ ಹೋಗ್ಬೇಕು," ಎಂದ.

ಖಬರಸ್ತಾನದ ಹೊರಗೆ ನಾನು ಆಟೋದಲ್ಲಿ ಕುಳಿತಿದ್ದೆ. ಆಳಿನ ತೋಳು ಹಿಡಿದು ಒಳಗೆ ಹೋದ ಅಪ್ಪ ಎಲ್ಲರೂ ಬಂದ ಮೇಲೆ ಬಂದ. ಬೆರಳ ಸಂದಿಯಲ್ಲಿ ಕೆಂಪು ಮಣ್ಣಿತ್ತು. ತೊಳೆಯಲೆಂದು ನೀರಿನ ಬಾಟಲಿ ಮುಂದೆ ಮಾಡಿದೆ. ಬೇಡವೆಂದು ಕೈ ಹಿಂದೆಳೆದುಕೊಂಡ.

"ಅಂವ ಜಿಂದಾ ಇದ್ದಾಗ ಒಂದ್ ಮಾತ್ ಆಡಲಿಲ್ಲ ನಾ," ಎಂದ.

ಆಟೋ ಹುಡಗಿಯ ದಾರಿ ಹಿಡಿಯಿತು. ನನ್ನ ಓದು, ನನ್ನ ನೌಕರಿ, ಅವ್ವನ ಕುಂಕುಮ, ಕಾಕಾನ ಮಕ್ಕಳಿಗೆ ಸಿಕ್ಕ ಆಸರೆ, ಎಲ್ಲವೂ ಅಂದು ಆ ಬೇವಿನ ಗಿಡಕ್ಕೆ ಕಟ್ಟಿಸಿಕೊಂಡು ಬದುಕುಳಿದ ಅಪ್ಪನಿಂದ ಬಂದದ್ದು. ಮಿಸ್ತ್ರಿಗೆ ಇದನ್ನು ಹೇಳಬೇಕಿತ್ತು. ನಾನೂ ಹೇಳಲಿಲ್ಲ.